ಹೌದಾ ಎಷ್ಟುದ್ದ?

ಪುಣೆಗೆ ಬಂದ ಹೊಸದರಲ್ಲಿ ಒಂದು ಶಬ್ದ ನನ್ನನ್ನು ಚೆನ್ನಾಗಿ ಆಟ ಆಡಿಸಿತ್ತು. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ನಲ್ಲಿ ಪ್ಲೈವುಡ್ ಲೋಡ್ ಮಾಡಿಸಲು ನಿಂತಿದ್ದೆ. ಹಮಾಲ ಬಂದು "ಹೌದಾ ಕಿತೀ ಲಾಂಬ?" ಎಂದು ಕೇಳಿದ. ನಾನು "ಹೌದು" ಎಂದೆ. ಅವನು ಮತ್ತೆ ಕೇಳಿದ. ನಾನು ಮತ್ತೆ ಹೌದು ಎಂದೆ. ಮೂರನೇ ಸಲ ಅವನು ನನ್ನ ಮುಖ ನೋಡಿ, ಈ ಮದ್ರಾಸಿಗೆ ತಲೆ ಸರಿ ಇಲ್ಲ ಅಂತ ಪಕ್ಕದವನಿಗೆ ಹೇಳಿ, ತಾನೇ ಹೋಗಿ ಗಾಡಿಯ ಹಿಂಭಾಗವನ್ನು ಗೇಣು ಹಾಕಿ ಅಳೆದ.

ಮರಾಠಿಯಲ್ಲಿ ಟೆಂಪೋ, ಟ್ರಕ್ಕಿನ ಹಿಂದೆ ಸಾಮಾನು ತುಂಬುವ ತೊಟ್ಟಿಗೆ ಹೌದಾ ಅನ್ನುತ್ತಾರೆ. ಆನೆ ಮೇಲೆ ಕೂರಲು ಕಟ್ಟುತ್ತಾರಲ್ಲ, ಅದೇ ಹೌದಾ. 2005ರಲ್ಲಿ ಬಂದ ಟಾಟಾ ಏಸ್‌ಗೆ ಊರೆಲ್ಲಾ ಛೋಟಾ ಹಾಥಿ ಅಂತ ಹೆಸರಿಟ್ಟ ಮೇಲೆ ಈ ಶಬ್ದ ಇನ್ನೂ ಸರಿಹೋಯಿತು ಅನ್ನಿ. ಆನೆ ಚಿಕ್ಕದು, ಹೌದಾ ಮಾತ್ರ ಬೇಕಲ್ವಾ.

ಈಗ ಯಾಕೆ ಈ ಪುರಾಣ ಅಂದರೆ, ಈ ವರ್ಷ ಗಾಡಿ ಬದಲಾಯಿಸಿದೆ. ಬದಲಾಯಿಸುವ ಮೊದಲು ಸುಮಾರು ಎರಡು ತಿಂಗಳು ಮನೆಯಲ್ಲಿ, ವರ್ಕ್‌ಶಾಪಿನಲ್ಲಿ, ಚಹಾ ಅಂಗಡಿಯಲ್ಲಿ ಒಂದೇ ಮಾತು: ಹೌದಾ ಉದ್ದದ್ದು ತಗೊಳ್ಳೋದಾ, ಗಿಡ್ಡದ್ದಾ? ನನ್ನ ಹೆಂಡತಿಗೆ ಇದನ್ನು ಕೇಳಿ ಕೇಳಿ ಸಾಕಾಗಿ, "ನನ್ನನ್ನು ನೋಡಲು ಬಂದಾಗ ಇಷ್ಟು ಯೋಚನೆ ಮಾಡಿದ್ರಾ?" ಎಂದು ಒಂದು ದಿನ ಕೇಳಿದಳು. ಇಲ್ಲ. ಅದು ಹತ್ತು ನಿಮಿಷದಲ್ಲಿ ಮುಗಿದಿತ್ತು.

ನನ್ನದು ನರ್ಹೆಯಲ್ಲಿ ಒಂದು ಚಿಕ್ಕ ವರ್ಕ್‌ಶಾಪ್. ಕಿಚನ್, ವಾರ್ಡ್‌ರೋಬ್, ಲಾಫ್ಟ್, ಟಿವಿ ಯೂನಿಟ್ ಮಾಡಿಕೊಡುತ್ತೇವೆ. ನಾವು ಐದು ಜನ. ಊರು ಕಾರ್ಕಳದ ಕಡೆ, ಕಸುಬು ಅಪ್ಪನದ್ದೇ. ಅಪ್ಪ ಉಳಿ, ಬಾಚಿ ಹಿಡಿದು ಹಲಸಿನ ಮರದ ಬಾಗಿಲು ಮಾಡುತ್ತಿದ್ದರು, ನಾನು ಪ್ಲೈವುಡ್ ಕತ್ತರಿಸಿ ಅಂಚಿಗೆ ಪಟ್ಟಿ ಅಂಟಿಸುತ್ತೇನೆ. ಅಷ್ಟೇ ವ್ಯತ್ಯಾಸ.

ಹಳೆ ಗಾಡಿಯ ಹೌದಾ 7 ಅಡಿ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆ. ಆಗ ಕೈಯಲ್ಲಿ ದುಡ್ಡಿರಲಿಲ್ಲ, ಸಿಕ್ಕಿದ್ದೇ ಪ್ರಸಾದ. ಆದರೆ ಪ್ಲೈವುಡ್ ಶೀಟು 8 ಅಡಿ ಉದ್ದ, 4 ಅಡಿ ಅಗಲ. ಇದು ಈ ಕಸುಬಿನ ವೇದವಾಕ್ಯ. ಲ್ಯಾಮಿನೇಟ್ ಕೂಡ 8 ಬೈ 4. ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ಅದೂ ಸಾಮಾನ್ಯವಾಗಿ ಅದೇ. ಹಾಗಾಗಿ ಏಳು ವರ್ಷ ನನ್ನ ಗಾಡಿಯ ಹಿಂದಿನ ಫಾಳಕಾ, ಅಂದರೆ ಹಿಂಬಾಗಿಲು, ಪೂರ್ತಿ ಮುಚ್ಚಿದ ದಿನ ಕಡಿಮೆ. ಸರಪಳಿಯ ಮೇಲೆ ಅರ್ಧ ನೇತಾಡಿಸಿ, ಅದರ ಮೇಲೆ ಒಂದಡಿ ಶೀಟು ಚಾಚಿಸಿ, ಹಗ್ಗ ಬಿಗಿದು ಓಡಿಸುತ್ತಿದ್ದೆ. ಎಲ್ಲರೂ ಹಾಗೇ ಮಾಡುತ್ತಾರೆ ಅಂತ ನನ್ನ ಸಮಾಧಾನ.

ಅದು ತಪ್ಪು ಅಂತ ಗೊತ್ತಾದದ್ದು ಸಿಂಹಗಡ ರಸ್ತೆಯ ಒಂದು ಸಿಗ್ನಲ್‌ನಲ್ಲಿ.

ಹ್ಯಾಂಡಲ್ ಇಲ್ಲದ ಕಿಚನ್ ಮಾಡುವಾಗ ಶಟರ್, ಅಂದರೆ ಕಪಾಟಿನ ಬಾಗಿಲು, ಹಿಡಿಯಲು ಅಲ್ಯೂಮಿನಿಯಂ ಪ್ರೊಫೈಲ್ ಅನ್ನುವ ಉದ್ದ ಪಟ್ಟಿ ಹಾಕುತ್ತೇವೆ. ನಾನು ತರುವ ಪ್ರೊಫೈಲ್ 3 ಮೀಟರ್ ಉದ್ದದ್ದು. ಏಳಡಿ ಹೌದಾದಲ್ಲಿ ಅದನ್ನು ಮಲಗಿಸಿದರೆ ಎರಡೂಮುಕ್ಕಾಲು ಅಡಿ ಹೊರಗೆ. ತುದಿಗೆ ಕೆಂಪು ಬಟ್ಟೆ ಕಟ್ಟಿದ್ದೆ. ಕೆಂಪು ಬಟ್ಟೆ ಕಟ್ಟಿದರೆ ಎಲ್ಲ ಸರಿ ಅನ್ನೋದು ಆಗಿನ ನನ್ನ ನಂಬಿಕೆ. ಸಿಗ್ನಲ್‌ಗೆ ನಿಲ್ಲಿಸಿದೆ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಒಬ್ಬ ಹುಡುಗ ಸ್ಕೂಟರ್ ನಿಲ್ಲಿಸಿದ್ದಾನೆ. ಹೆಲ್ಮೆಟ್ ಗಾಜು ಮೇಲಕ್ಕೆತ್ತಿ ಮೊಬೈಲ್ ನೋಡುತ್ತಿದ್ದಾನೆ. ಪ್ರೊಫೈಲಿನ ತುದಿ ಅವನ ಹಣೆಯ ಎದುರಿಗೆ. ಮಧ್ಯೆ ಒಂದು ಅಂಗೈ ಜಾಗ. ಅವನ ಹಿಂದೆ ಪಿಎಂಪಿ ಸಿಟಿ ಬಸ್ಸು. ಅದು ಒಂದಡಿ ಮುಂದಕ್ಕೆ ಬಂದರೆ ಸಾಕಿತ್ತು. ಬಸ್ಸು ಬರಲಿಲ್ಲ, ಹಸಿರು ಬಿತ್ತು. ನಾನು ಕ್ಲಚ್ ಬಿಡಲು ಕಾಲೇ ಏಳದೆ ಹಾಗೇ ಕೂತಿದ್ದೆ. ಆ ಹುಡುಗ ಹಾರ್ನ್ ಹೊಡೆದು, ಬೈದು, ಪಕ್ಕದಿಂದ ಹೋದ. ಅವನಿಗೆ ಏನೂ ಗೊತ್ತಿಲ್ಲ.

ಆಮೇಲೆ ಕೇಳಿ ತಿಳಿದುಕೊಂಡೆ. ಸಾಮಾನು ಗಾಡಿಯ ಹಿಂದೆ, ಮುಂದೆ, ಪಕ್ಕಕ್ಕೆ ಚಾಚಿದ್ದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ 20,000 ರೂಪಾಯಿ ದಂಡ. 2019ರ ತಿದ್ದುಪಡಿಯಲ್ಲಿ ಬಂದದ್ದು. ದಂಡ ಕಟ್ಟಿದರೂ ಚಾಚಿದ ಸಾಮಾನನ್ನು ಸರಿಮಾಡಿಯೇ ಮುಂದೆ ಹೋಗಬೇಕು. ಕೆಂಪು ಬಟ್ಟೆಯ ಲೆಕ್ಕ ಎಲ್ಲ ಹಳೆ ಕಾಲದ್ದು. ದಂಡದ ಹೆದರಿಕೆಗಿಂತ ಆ ಹುಡುಗನ ಹಣೆ ನನಗೆ ಜಾಸ್ತಿ ನೆನಪಾಗುತ್ತದೆ. ಅವತ್ತಿನಿಂದ ಹೊರಗೆ ಚಾಚುವ ಯಾವುದನ್ನೂ ನನ್ನ ಗಾಡಿಯಲ್ಲಿ ಹಾಕುವುದಿಲ್ಲ ಎಂದು ತೀರ್ಮಾನ ಮಾಡಿದೆ. ಅಂದರೆ ಹೊಸ ಗಾಡಿ. ಅಂದರೆ ಹೌದಾ ಎಷ್ಟುದ್ದ ಅನ್ನುವ ಪ್ರಶ್ನೆ.

ನನ್ನ ಮೊದಲ ಉತ್ತರ ನೀವೂ ಊಹಿಸಬಹುದು. ಸಿಕ್ಕಿದ್ದರಲ್ಲಿ ಎಲ್ಲಕ್ಕಿಂತ ಉದ್ದದ್ದು.

ಶೋರೂಮುಗಳನ್ನು ಸುತ್ತಿದೆ. ಟಾಟಾ ಇಂಟ್ರಾ ಅನ್ನುವ ಪಿಕಪ್ ಗಾಡಿಯಲ್ಲೇ ಬೇರೆ ಬೇರೆ ಉದ್ದ ಇವೆ. ವಿ10ರ ಹೌದಾ 2512 ಎಂಎಂ, ವಿ30ರದ್ದು 2690, ವಿ50ರದ್ದು 2960. ಅಡಿಯಲ್ಲಿ ಹೇಳಿದರೆ ಎಂಟೂ ಕಾಲು, ಎಂಟೂಮುಕ್ಕಾಲು ಚಿಲ್ಲರೆ, ಒಂಬತ್ತೂಮುಕ್ಕಾಲಿಗೆ ಒಂದು ಕೂದಲು ಕಡಿಮೆ. ಮಹೀಂದ್ರಾ ಬೊಲೆರೊ ಮ್ಯಾಕ್ಸ್ ಪಿಕಪ್‌ನ ದೊಡ್ಡ ಮಾಡೆಲ್‌ಗಳಲ್ಲಿ 3050, ಅಂದರೆ ಪೂರ್ತಿ 10 ಅಡಿ. ಮಾರುವವರು ಅಡಿಯಲ್ಲಿ ಮಾತಾಡುತ್ತಾರೆ, ನಮ್ಮ ಕಸುಬಿನಲ್ಲಿ ಎಂಎಂ ಬಿಟ್ಟರೆ ಬೇರೆ ಮಾತಿಲ್ಲ. ಹಾಗಾಗಿ ಟೇಪು ಕಿಸೆಯಲ್ಲೇ ಇಟ್ಟುಕೊಂಡು ಹೋಗಿದ್ದೆ. ಒಂದು ಕಡೆ ಸೇಲ್ಸ್ ಹುಡುಗ "ಸರ್, ಬ್ರೋಶರ್‌ನಲ್ಲಿ ಎಲ್ಲ ಇದೆ" ಎಂದ. ಇರಲಿ ಮಾರಾಯ, ಬಡಗಿಗೆ ಬರೆದದ್ದು ನಂಬಲು ಬರುವುದಿಲ್ಲ.

ಇದರ ನಡುವೆ ಅಕ್ಕನ ಮಗ ಬಂದ. ಹಿಂಜವಡಿಯಲ್ಲಿ ಕೆಲಸ, ಮೊಬೈಲಿನಲ್ಲಿ ಸದಾ ಅಮೆರಿಕದ ಪಿಕಪ್ ವಿಡಿಯೋ. "ಮಾವ, ಅಲ್ಲಿ ಇದಕ್ಕೆ ಬೆಡ್ ಅಂತಾರೆ. ಶಾರ್ಟ್ ಬೆಡ್, ಲಾಂಗ್ ಬೆಡ್" ಎಂದ. ಹಾಸಿಗೆಯಾ? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಅಜ್ಜಿ ಹೇಳಿದ್ದು ಈ ಗಾಡಿಗೇ ಇರಬೇಕು ಎಂದೆ. ಅವನಿಗೆ ನಗು ಬರಲಿಲ್ಲ. ಆದರೆ ಅವನು ಹೇಳಿದ ಒಂದು ವಿಷಯ ನನಗೆ ತುಂಬಾ ಹಿಡಿಸಿತು. ಅಲ್ಲಿ ಫೋರ್ಡ್ ಎಫ್-150ಯಂಥ ಗಾಡಿಗಳಲ್ಲಿ ಮೂರು ಉದ್ದ: ಐದೂವರೆ, ಆರೂವರೆ, 8 ಅಡಿ. ಎಂಟೇ ಯಾಕೆ ಅಂದರೆ ಅಲ್ಲಿಯೂ ಪ್ಲೈವುಡ್ 8 ಬೈ 4! ಒಳಗೆ ಎರಡು ಚಕ್ರದ ಉಬ್ಬುಗಳ ನಡುವೆ ಕೂಡ 4 ಅಡಿ ಬಿಟ್ಟಿರುತ್ತಾರೆ, ಶೀಟು ಚಪ್ಪಟೆಯಾಗಿ ಮಲಗಲಿ ಅಂತ. ಕಾಣದ ದೇಶದ ಗಾಡಿ ಮಾಡುವವನೂ ನನ್ನ ಶೀಟನ್ನು ಮುಂದಿಟ್ಟುಕೊಂಡೇ ಅಳತೆ ಹಾಕಿದ್ದಾನೆ ಅಂತ ಒಂಥರಾ ಖುಷಿ ಆಯಿತು.

ಅವನಿಗೆ ನಾನು ಇಸುಜು ವಿ-ಕ್ರಾಸ್ ಅಥವಾ ಟೊಯೊಟಾ ಹೈಲಕ್ಸ್ ತಗೊಳ್ಳಬೇಕು ಅಂತ ಆಸೆ. ಎರಡು ಸಾಲು ಸೀಟು, ಊರಿಗೂ ಹೋಗಬಹುದು ಅನ್ನುವ ವಾದ. ನೋಡಲು ಚಂದವೇ. ಆದರೆ ಗಾಡಿ 5.3 ಮೀಟರ್ ಉದ್ದ, ಹಿಂದಿನ ತೊಟ್ಟಿ ಸುಮಾರು 5 ಅಡಿ. ಇಂಟ್ರಾ ವಿ30 ಪೂರ್ತಿ ಗಾಡಿಯೇ 4.46 ಮೀಟರ್, ಅದರಲ್ಲಿ ಹೌದಾ 2.69. ಮುಂದೆ ಉದ್ದ ಮೂಗಿಲ್ಲ, ಒಂದೇ ಸಾಲು ಸೀಟು. ಮನುಷ್ಯರಿಗೆ ಕೊಟ್ಟ ಜಾಗವನ್ನೆಲ್ಲ ಕಿತ್ತು ಸಾಮಾನಿಗೆ ಕೊಟ್ಟಿದ್ದಾರೆ. ಊರಿಗೆ ಹೋಗಲು ಬಸ್ಸಿದೆ ಎಂದೆ. ಅವನು ಮುಖ ಊದಿಸಿಕೊಂಡ.

ಸರಿ, ಉದ್ದದ್ದು ತಗೊಳ್ಳೋದೇ ಅಂತ ಹೊರಟವನು ಯಾಕೆ ತಿರುಗಿದೆ ಅಂದರೆ, ಒಂದು ಭಾನುವಾರ ಸುಮ್ನೆ ಕೂತು ಹಳೆ ಡೆಲಿವರಿ ಪುಸ್ತಕ ತೆಗೆದೆ. ಎರಡು ತಿಂಗಳಲ್ಲಿ 71 ಟ್ರಿಪ್. ಅದರಲ್ಲಿ 58 ಬರೀ ಶೀಟು ಅಥವಾ ಮಾಡಿ ಮುಗಿಸಿದ ಡಬ್ಬಗಳು, ಅಂದರೆ ಕಪಾಟಿನ ಪೆಟ್ಟಿಗೆಗಳು. 9 ಸಲ ಮೂರು ಮೀಟರ್ ಪ್ರೊಫೈಲ್. 4 ಸಲ ಮಾತ್ರ ಅದಕ್ಕಿಂತ ಉದ್ದದ್ದು, 12 ಅಡಿಯ ಅಲ್ಯೂಮಿನಿಯಂ ಸೆಕ್ಷನ್, ಇಲ್ಲಾ ಯಾವುದೋ ಪೈಪು.

ಶೀಟನ್ನು ಮೊದಲು ನೋಡೋಣ. 8 ಅಡಿ ಅಂದರೆ 2440 ಎಂಎಂ. 2512ರ ಹೌದಾದಲ್ಲೂ ಅದು ಮಲಗುತ್ತದೆ, ಬಾಗಿಲು ಮುಚ್ಚುತ್ತದೆ. 3050ರಲ್ಲೂ ಮಲಗುತ್ತದೆ, ಹಿಂದೆ ಎರಡಡಿ ಖಾಲಿ. ಆ ಎರಡಡಿಯಲ್ಲಿ ಇನ್ನೊಂದು ಶೀಟು ಹಿಡಿಯುತ್ತದಾ? ಇಲ್ಲ. ಅದಕ್ಕೆ 16 ಅಡಿ ಹೌದಾ ಬೇಕು. ಅಂದರೆ ಎಂಟು ದಾಟಿದ ಮೇಲೆ ಹದಿನಾರು ಮುಟ್ಟುವವರೆಗೆ ಪ್ಲೈವುಡ್ಡಿನವನಿಗೆ ಉದ್ದದಿಂದ ಒಂದು ಪೈಸೆ ಲಾಭ ಇಲ್ಲ! ಇಷ್ಟು ಸಣ್ಣ ವಿಷಯ ಎರಡು ವಾರ ನನ್ನ ತಲೆಗೆ ಹೋಗಿರಲಿಲ್ಲ ನೋಡಿ. ಉದ್ದ ಅಂದರೆ ಜಾಸ್ತಿ, ಜಾಸ್ತಿ ಅಂದರೆ ಒಳ್ಳೇದು ಅಂತಲೇ ಓಡಾಡುತ್ತಿದ್ದೆ.

ಆಮೇಲೆ ತೂಕ. 18 ಎಂಎಂ ಶೀಟು ಒಂದು ಸುಮಾರು 35ರಿಂದ 37 ಕೆಜಿ ತೂಗುತ್ತದೆ, ಎಂಡಿಎಫ್ ಇನ್ನೂ ಭಾರ. ವಿ30ರ ಪೇಲೋಡ್, ಅಂದರೆ ಹೊರಬಹುದಾದ ಸಾಮಾನಿನ ತೂಕ, 1300 ಕೆಜಿ. ಅಂದರೆ 35 ಶೀಟಿಗೆ ಗಾಡಿಯ ಲೆಕ್ಕ ಮುಗಿಯಿತು. 35 ಶೀಟು ಒಂದರ ಮೇಲೊಂದು ಪೇರಿಸಿದರೆ ಎತ್ತರ 630 ಎಂಎಂ, ಎರಡಡಿಯಷ್ಟು. ಪಕ್ಕದ ಗೋಡೆ 400 ಇರುವುದರಿಂದ 22 ಶೀಟು ಒಳಗೆ, ಉಳಿದದ್ದು ಬೆಲ್ಟ್ ಬಿಗಿದು ಮೇಲೆ. ನಮ್ಮದು ಅಪರೂಪಕ್ಕೆ 30 ದಾಟುತ್ತದೆ. ಹಾಗಾದರೆ ಹೌದಾ ತುಂಬುವ ಮೊದಲು ಗಾಡಿಯ ಬೆನ್ನು ತುಂಬುತ್ತದೆ. ಉದ್ದದ ಗಾಡಿ ಇದ್ದಿದ್ದರೆ ಏನಾಗುತ್ತಿತ್ತು ಅಂತ ನನಗೆ ಚೆನ್ನಾಗಿ ಗೊತ್ತು. ಹಿಂದೆ ಎರಡಡಿ ಖಾಲಿ ಇದೆಯಲ್ಲ ಅಂತ ಫೆವಿಕಾಲ್ ಡ್ರಮ್ಮು, ಹಾರ್ಡ್‌ವೇರ್ ಪೆಟ್ಟಿಗೆ, ಪಕ್ಕದ ಅಂಗಡಿಯವನ ಎರಡು ಮೂಟೆ ಟೈಲ್ಸ್ ಗ್ರೌಟು, ಎಲ್ಲ ಅಲ್ಲೇ ಬೀಳುತ್ತಿತ್ತು. ಅದೂ ಹಿಂದಿನ ಆಕ್ಸಲ್‌ಗಿಂತ ಹಿಂದೆ.

ಅದು ಯಾಕೆ ಕೆಟ್ಟದ್ದು ಅಂದರೆ, ತಕ್ಕಡಿ ಇದ್ದ ಹಾಗೆ. ಹಿಂದಿನ ಚಕ್ರದ ಆಚೆ ಭಾರ ಬಿದ್ದರೆ ಮುಂದಿನ ಚಕ್ರದ ಭಾರ ಕಮ್ಮಿಯಾಗುತ್ತದೆ. ಸ್ಟೀರಿಂಗ್ ಹಗುರಾಗುತ್ತದೆ, ಹಗುರಾಗಿದ್ದು ಒಳ್ಳೇದು ಅಂತ ಹೊಸಬರಿಗೆ ಅನ್ನಿಸುತ್ತದೆ. ಬ್ರೇಕ್ ಒತ್ತಿದಾಗ ಮುಂದಿನ ಚಕ್ರಕ್ಕೆ ರಸ್ತೆ ಕಚ್ಚುವ ಶಕ್ತಿಯೇ ಸಾಲುವುದಿಲ್ಲ. ನನ್ನ ವರ್ಕ್‌ಶಾಪ್ ಇರುವುದು ನರ್ಹೆಯಲ್ಲಿ. ಕಾತ್ರಜ್ ಹೊಸ ಸುರಂಗದಿಂದ ನವಲೆ ಬ್ರಿಜ್ ತನಕ ಹೈವೇ ಒಂದೇ ಸಮನೆ ಇಳಿಜಾರು, ಅಲ್ಲಿ ಬ್ರೇಕ್ ಫೇಲಾದ ಟ್ರಕ್ಕುಗಳು ಮುಂದಿದ್ದ ಕಾರುಗಳ ಮೇಲೆ ನುಗ್ಗಿದ್ದನ್ನು ಪುಣೆಯವರು ಎಷ್ಟು ಸಲ ಪೇಪರಿನಲ್ಲಿ ಓದಿಲ್ಲ. ಆ ಇಳಿಜಾರಿನಲ್ಲಿ ವಾರಕ್ಕೆ ಮೂರು ನಾಲ್ಕು ಸಲ ನಾನೂ ಇಳಿಯುತ್ತೇನೆ. ಗೇರಿನಲ್ಲೇ ಇಳಿಯುತ್ತೇನೆ, ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವ ಮಹಾನುಭಾವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನು ಆ 3 ಮೀಟರ್ ಪ್ರೊಫೈಲ್. ಇಲ್ಲಿ ಬಂತು ನಿಜವಾದ ಮಜಾ. 3050ರಲ್ಲಿ ನೆಟ್ಟಗೆ ಮಲಗುತ್ತದೆ, ಪ್ರಶ್ನೆಯೇ ಇಲ್ಲ. 2960ರಲ್ಲಿ ನೆಟ್ಟಗೆ ಹೋಗುವುದಿಲ್ಲ, 40 ಎಂಎಂ ಕಮ್ಮಿ. ನಾಲ್ಕು ಸೆಂಟಿಮೀಟರ್! ಆದರೆ ಸಾಮಾನನ್ನು ನೆಟ್ಟಗೇ ಇಡಬೇಕು ಅಂತ ಯಾರು ಹೇಳಿದ್ದು? ಮೂಲೆಯಿಂದ ಮೂಲೆಗೆ ಇಟ್ಟರೆ? ಶಾಲೆಯಲ್ಲಿ ಪೈಥಾಗೊರಸ್ ಕಲಿಸುವಾಗ ನಾನು ಕಿಟಕಿಯಾಚೆ ನೋಡುತ್ತಿದ್ದವನು, ಆದರೆ ಮೂಲೆ ಮಟ್ಟ ಹಿಡಿಯುವ ಕಸುಬು ಅದನ್ನು ಬೇರೆ ದಾರಿಯಲ್ಲಿ ಕಲಿಸಿಬಿಟ್ಟಿದೆ. ವಿ10ರ ಹೌದಾ 2512 ಬೈ 1603. ಮೂಲೆಯಿಂದ ಮೂಲೆಗೆ 2980. ಇಪ್ಪತ್ತು ಎಂಎಂ ಸಾಲದು! ಒಂದು ತುದಿ ನೆಲಕ್ಕೆ, ಇನ್ನೊಂದು ತುದಿ ಎದುರು ಮೂಲೆಯ ಗೋಡೆಯ ಮೇಲಂಚಿಗೆ ಎತ್ತಿ ಇಟ್ಟರೆ ಲೆಕ್ಕದಲ್ಲಿ 3006 ಆಗುತ್ತದೆ. ಲೆಕ್ಕದಲ್ಲಿ ಮಾತ್ರ. ಪ್ರೊಫೈಲ್‌ಗೆ ದಪ್ಪ ಇದೆ, ಸುತ್ತ ಸುತ್ತಿದ ಪ್ಯಾಕಿಂಗ್ ಇದೆ, ಸ್ಪೀಡ್ ಬ್ರೇಕರ್ ಇದೆ. ವಿ30ರದ್ದು 2690 ಬೈ 1620. ಮೂಲೆಯಿಂದ ಮೂಲೆಗೆ 3140. ಹಿಡಿಯಿತು. ಸಲೀಸಾಗಿ, ಬಾಗಿಲು ಮುಚ್ಚಿ, ಹೊರಗೆ ಒಂದು ಎಂಎಂ ಚಾಚದೆ.

ಅವತ್ತು ಕಾಗದದ ಮೇಲೆ ಈ 3140 ಬರೆದು ಅಡಿಗೆರೆ ಎಳೆದೆ. ಅಲ್ಲಿಗೆ ಅರ್ಧ ತೀರ್ಮಾನ ಆಗಿಹೋಗಿತ್ತು.

ಉಳಿದರ್ಧ ಆದದ್ದು ನಮ್ಮ ಓಣಿಯಲ್ಲಿ. ಉದ್ದ ಹೌದಾ ಅಂದರೆ ಬರೀ ಹೌದಾ ಉದ್ದ ಅಲ್ಲ, ಅದರ ಕೆಳಗಿನ ಗಾಡಿಯೂ ಉದ್ದ. ವಿ30ರ ಎರಡು ಆಕ್ಸಲ್‌ಗಳ ನಡುವೆ 2450 ಎಂಎಂ, ವಿ50ರಲ್ಲಿ 2600. ತಿರುಗಲು ವಿ30ಕ್ಕೆ 5.25 ಮೀಟರ್ ತ್ರಿಜ್ಯ ಸಾಕು, ವಿ50ಕ್ಕೆ 6 ಬೇಕು. ಮುಕ್ಕಾಲು ಮೀಟರ್ ತಾನೇ ಅನ್ನಿಸುತ್ತದೆ. ಪೂರ್ತಿ ಸುತ್ತು ಹಾಕುವಾಗ ಅದು ಒಂದೂವರೆ ಮೀಟರ್. ಒಂದು ಗಾಡಿ ಟೆಸ್ಟ್ ಡ್ರೈವ್‌ಗೆ ಕೊಟ್ಟಿದ್ದರು, ಹತ್ತಡಿಯದ್ದು. ನಮ್ಮ ಗೇಟಿನೊಳಗೆ ತಿರುಗಿಸಲು ಮೂರು ಸಲ ಹಿಂದೆ ಮುಂದೆ ಮಾಡಿದೆ. ಎದುರು ಮನೆಯ ಅಜ್ಜಿ ತುಳಸಿ ಕಟ್ಟೆಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟರು, ಗಾಡಿ ತಾಗಿದರೆ ಮೊದಲು ನನಗೆ ತಾಗಲಿ ಅನ್ನುವ ಹಾಗೆ. ದಿನಕ್ಕೆ ಎರಡು ಸಲ ಈ ನಾಟಕ ಬೇಕಾ?

ಗಿರಾಕಿಗಳ ಜಾಗವೂ ಹಾಗೇ. ಸದಾಶಿವ ಪೇಠೆ, ಕಸಬಾ ಪೇಠೆಯಲ್ಲಿ ಹಳೆ ವಾಡೆ ಕೆಡವಿ ಎದ್ದ ಬಿಲ್ಡಿಂಗ್‌ಗಳ ಮುಂದೆ ಗಾಡಿ ನಿಲ್ಲಿಸುವುದೇ ಒಂದು ವಿದ್ಯೆ. ಮನೆ ಹೊಸದು, ಓಣಿ ಪೇಶವೆ ಕಾಲದ್ದು. ಒಂದು ಡಬ್ಬ ಇಳಿಸುವಷ್ಟರಲ್ಲಿ ಹಿಂದೆ ಹತ್ತು ಸ್ಕೂಟರ್ ಸೇರಿ, ಅದರಲ್ಲಿ ಒಬ್ಬರಾದರೂ ಪುಣೇರಿ ಭಾಷೆಯಲ್ಲಿ ತುಂಬಾ ಮರ್ಯಾದೆಯಿಂದ ಮಾನ ತೆಗೆಯುತ್ತಾರೆ. ಅಲ್ಲಿ ಒಂದಡಿ ಬಾಲ ಕಮ್ಮಿ ಇದ್ದರೆ ಒಂದಡಿ ಬೈಗುಳ ಕಮ್ಮಿ.

ಮಾಡಿ ಮುಗಿಸಿದ ಡಬ್ಬಗಳ ವಿಷಯ ಬೇರೆ, ಅದನ್ನು ಒಪ್ಪಿಕೊಳ್ಳಬೇಕು. ಅವು ಭಾರ ಇಲ್ಲ, ಜಾಗ ತಿನ್ನುತ್ತವೆ. ಖಾಲಿ ಗಾಳಿಯನ್ನು ಸಾಗಿಸಿದ ಹಾಗೆ. ಇಲ್ಲಿ ಉದ್ದ ಸಹಾಯ ಮಾಡುತ್ತದೆ ಅಂದುಕೊಂಡಿದ್ದೆ. ಆದರೆ ಅಳೆದು ನೋಡಿದಾಗ ಕೈ ಕೊಟ್ಟದ್ದು ಅಗಲ. ಕೆಳಗಿನ ಕಿಚನ್ ಡಬ್ಬದ ಆಳ 560. ಸಾಲಾಗಿ ಮೂರು ಇಟ್ಟರೆ 1680. ಇಂಟ್ರಾದ ಅಗಲ 1620. ಅರವತ್ತು ಎಂಎಂಗೆ ಹೋಯಿತು! ಬೊಲೆರೊ ಮ್ಯಾಕ್ಸ್‌ನಲ್ಲಿ 1700 ಅಗಲ ಇದೆ, ಅದರಲ್ಲಿ ಮೂರು ಕೂರುತ್ತವೆ. ಆ ದಿನ ರಾತ್ರಿ ನಿದ್ದೆ ಬರಲಿಲ್ಲ. ಉದ್ದ ಉದ್ದ ಅಂತ ಒದ್ದಾಡುತ್ತಿದ್ದವನಿಗೆ ಅಗಲ ಬಂದು ಕೆನ್ನೆಗೆ ಬಾರಿಸಿತು. ಬೆಳಗ್ಗೆ ನಮ್ಮ ಹುಡುಗ ಒಬ್ಬ, ವಯಸ್ಸು ಇಪ್ಪತ್ತೆರಡು, ಹಲ್ಲುಜ್ಜುತ್ತಾ ಬಂದು ಹೇಳಿದ: ಎರಡು ಕೆಳಗಿನ ಡಬ್ಬ, ಪಕ್ಕಕ್ಕೆ ಒಂದು ಮೇಲಿನ ಡಬ್ಬ ನಿಲ್ಲಿಸಿದರೆ ಆಯ್ತಲ್ಲ, ಅದು 350 ತಾನೇ? 560, 560, 350. ಒಟ್ಟು 1470. ಉಳಿದ 150ರಲ್ಲಿ ಕಂಬಳಿ ತುರುಕಿದರೆ ಅಲುಗಾಡುವುದೂ ಇಲ್ಲ. ಅವನಿಗೆ ಅವತ್ತು ಮಸಾಲೆ ದೋಸೆ ಕೊಡಿಸಿದೆ.

ಎಲ್ಲರಿಗೂ ಗಿಡ್ಡದ್ದೇ ಸರಿ ಅಂತ ನಾನು ಹೇಳುತ್ತಿಲ್ಲ. ಉಡುಪಿ ಕಡೆಯ ಗೆಳೆಯರೊಬ್ಬರು ಇಲ್ಲೇ ಕೇಟರಿಂಗ್ ಮಾಡುತ್ತಾರೆ. ಮಡಚುವ ಟೇಬಲ್ಲು, ಕುರ್ಚಿ, ಖಾಲಿ ಪಾತ್ರೆ, ಬಾಳೆ ಎಲೆ ಕಟ್ಟು. ಹಗುರ, ಆದರೆ ರಾಶಿ. ಅವರ ಗಾಡಿ ತೂಕಕ್ಕೆ ಮೊದಲು ಜಾಗ ಮುಗಿಸುತ್ತದೆ. ಅವರು ಹತ್ತಡಿಯದ್ದು ತಗೊಂಡಿದ್ದಾರೆ, ಸರಿಯಾಗೇ ಮಾಡಿದ್ದಾರೆ. ಪೆಂಡಾಲಿನವರು, ಥರ್ಮಾಕೋಲ್ ಪ್ಯಾಕಿಂಗಿನವರು, ಹಾಸಿಗೆ ಅಂಗಡಿಯವರು, ಇವರೆಲ್ಲ ಗಿಡ್ಡದ್ದು ತಗೊಂಡರೆ ದಿನಾ ಎರಡು ಟ್ರಿಪ್ ಹೊಡೆಯಬೇಕು. ಕಬ್ಬಿಣ, ಗ್ರಾನೈಟು, ಪ್ಲೈವುಡ್ಡು ಸಾಗಿಸುವವರು ಉದ್ದದ್ದು ತಗೊಂಡು ಖಾಲಿ ಜಾಗ ನೋಡಿ ಆಸೆ ಪಟ್ಟು ಸ್ಪ್ರಿಂಗ್ ಪಟ್ಟಿ ಮುರಿದುಕೊಳ್ಳುತ್ತಾರೆ.

ಕಾಗದ ಪತ್ರದ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಶೋರೂಮಿನಲ್ಲಿ ಯಾರೂ ತಾವಾಗಿ ಹೇಳಲಿಲ್ಲ. ಗಾಡಿ ಮತ್ತು ಸಾಮಾನು ಸೇರಿ ಒಟ್ಟು ತೂಕ, ಆರ್‌ಸಿಯಲ್ಲಿ ಜಿವಿಡಬ್ಲ್ಯೂ ಅಂತ ಬರೆದಿರುತ್ತದೆ, ಅದು 3000 ಕೆಜಿ ಒಳಗಿದ್ದರೆ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಕಿಲ್ಲ. ಕಾಯ್ದೆಯ 66ನೇ ಕಲಂನಲ್ಲೇ ಈ ವಿನಾಯಿತಿ ಇದೆ. ಹೌದಾ ಉದ್ದವಾಗುತ್ತಾ, ಪೇಲೋಡ್ ಏರುತ್ತಾ ಹೋದ ಹಾಗೆ ಗಾಡಿ ಈ ಗೆರೆ ದಾಟಿಬಿಡುತ್ತದೆ. ದಾಟಿದರೆ ತಪ್ಪೇನಿಲ್ಲ, ಆದರೆ ಇನ್ನೊಂದು ಕಾಗದ, ಇನ್ನೊಂದು ರಿನ್ಯೂವಲ್, ಇನ್ನೊಂದು ಸಾಲಿನಲ್ಲಿ ನಿಲ್ಲುವುದು. ಡ್ರೈವರ್ ವಿಷಯದಲ್ಲಿ ಮಾತ್ರ ತಲೆಬಿಸಿ ಇಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ, ಹಗುರ ವಾಹನದ ಮಾಮೂಲಿ ಎಲ್‌ಎಂವಿ ಲೈಸೆನ್ಸ್ ಇದ್ದವರು 7500 ಕೆಜಿ ತನಕದ ಇಂಥ ಗಾಡಿಯನ್ನೂ ಓಡಿಸಬಹುದು ಅಂತ ಹೇಳಿದೆ. ಹಾಗಾಗಿ ನಮ್ಮ ಹುಡುಗರಲ್ಲಿ ಯಾರಾದರೂ ಓಡಿಸಬಹುದು.

ಇನ್ನೊಂದು ಸಲಹೆ ಬಹಳ ಜನ ಕೊಟ್ಟರು. ಗಿಡ್ಡದ್ದು ತಗೊಂಡು ಬಾಡಿ ಬಿಲ್ಡರ್ ಹತ್ತಿರ ಒಂದಡಿ ಹಿಂದಕ್ಕೆ ಎಳೆಸು, ಅರ್ಧ ದಿನದ ವೆಲ್ಡಿಂಗು ಅಂತ. ಪುಣೆಯಲ್ಲಿ ಅಂಥ ಗಾಡಿ ನೋಡಿದ್ದೇನೆ. ಬೇಡಪ್ಪ. ಹಿಂದಿನ ಆಕ್ಸಲ್ ಆಚೆ ಎಷ್ಟು ಚಾಚಬಹುದು ಅನ್ನುವುದಕ್ಕೂ ನಿಯಮ ಇದೆ, ವೀಲ್‌ಬೇಸ್‌ನ (ಎರಡು ಆಕ್ಸಲ್ ನಡುವಿನ ಅಂತರದ) 60 ಪರ್ಸೆಂಟ್ ಮೀರುವಂತಿಲ್ಲ. ಆರ್‌ಸಿಯಲ್ಲಿ ಬರೆದ ಅಳತೆ ಒಂದು, ಗಾಡಿಯ ಅಳತೆ ಇನ್ನೊಂದು ಆದರೆ ಫಿಟ್‌ನೆಸ್‌ನಲ್ಲೂ ಕಷ್ಟ, ಏನಾದರೂ ಆದರೆ ಇನ್ಶೂರೆನ್ಸ್‌ನಲ್ಲೂ ಕಷ್ಟ. ಅದಕ್ಕಿಂತ ಹೆಚ್ಚಾಗಿ, ತಕ್ಕಡಿಯ ತಪ್ಪು ತಟ್ಟೆಗೆ ನಾನೇ ದುಡ್ಡು ಕೊಟ್ಟು ಭಾರ ಹಾಕಿದ ಹಾಗೆ.

ಹಾಗಾದರೆ ಆ 4 ಟ್ರಿಪ್? 12 ಅಡಿ ಸೆಕ್ಷನ್? ಅದಕ್ಕೆ 14 ಅಡಿಯ ಐಷರ್ ಬಾಡಿಗೆಗೆ ಕರೆಯುತ್ತೇನೆ. ಎರಡು ತಿಂಗಳಿಗೆ ನಾಲ್ಕು ಸಲ. ಆ ನಾಲ್ಕು ಟ್ರಿಪ್ಪಿಗೋಸ್ಕರ ಉಳಿದ 67 ಟ್ರಿಪ್ ಉದ್ದ ಬಾಲ ಎಳೆದುಕೊಂಡು ಪೇಠೆಗಳಲ್ಲಿ ಒದ್ದಾಡುವ ಆಸೆ ನನಗಿಲ್ಲ. ಪೈಪುಗಳನ್ನು ಅಂಗಡಿಯಲ್ಲೇ ಅಳತೆಗೆ ಕತ್ತರಿಸಿಕೊಂಡು ಬರುತ್ತೇನೆ. ಮೊದಲೇ ಹೀಗೆ ಮಾಡಬಹುದಿತ್ತು, ಮಾಡಲಿಲ್ಲ.

ಕೊನೆಗೆ ವಿ30 ಬುಕ್ ಮಾಡಿದೆ. ಬುಕ್ ಮಾಡುವ ಮೊದಲು ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ 2690 ಬೈ 1620 ಗೆರೆ ಎಳೆದು, ಅದರೊಳಗೆ ನಿಜವಾದ ಶೀಟು, ಡಬ್ಬ, ಪ್ರೊಫೈಲ್ ಎಲ್ಲ ಇಟ್ಟು ನೋಡಿದೆವು. ಒಂದು ಗಂಟೆ ಕೆಲಸ. ಅಕ್ಕನ ಮಗ ಅದರ ಫೋಟೋ ತೆಗೆದು, ಮಾವ ನೆಲದ ಮೇಲೆ ಗಾಡಿ ಓಡಿಸುತ್ತಿದ್ದಾರೆ ಅಂತ ಮನೆಯವರ ಗ್ರೂಪಿಗೆಲ್ಲ ಕಳಿಸಿದ. ನೀವು ಗಾಡಿ ತಗೊಳ್ಳುವವರಾದರೆ ನಗುವವರು ನಗಲಿ, ಇದೊಂದು ಮಾಡಿ. ವಿ30ಕ್ಕೂ ವಿ50ಕ್ಕೂ ಇರುವ 270 ಎಂಎಂ ವ್ಯತ್ಯಾಸ ಬ್ರೋಶರಿನಲ್ಲಿ ಏನೂ ಅನ್ನಿಸುವುದಿಲ್ಲ, ನೆಲದ ಮೇಲೆ ಕಾಣುತ್ತದೆ.

ಒಂದು ಸಣ್ಣ ಕೊರಗು ಇದೆ, ಮುಚ್ಚಿಡುವುದಿಲ್ಲ. ಪ್ರೊಫೈಲ್ ಮೂಲೆಯಿಂದ ಮೂಲೆಗೆ ಇಟ್ಟ ದಿನ ಹೌದಾ ಎರಡು ತ್ರಿಕೋನ ಆಗಿಬಿಡುತ್ತದೆ, ಅದರ ಮೇಲೆ ಶೀಟು ಹಾಕಲು ಬರುವುದಿಲ್ಲ. ಮೊದಲು ಶೀಟು, ಅದರ ಮೇಲೆ ಕಂಬಳಿ, ಅದರ ಮೇಲೆ ಪ್ರೊಫೈಲ್. ಇಳಿಸುವಾಗ ಮೊದಲು ಪ್ರೊಫೈಲ್. ಬೇರೆ ಬೇರೆ ಕಡೆ ಇಳಿಸಬೇಕಾದರೆ ಹಿಂದು ಮುಂದಾಗಿ ಒಮ್ಮೊಮ್ಮೆ ಎಲ್ಲ ತೆಗೆದು ಮತ್ತೆ ಹಾಕುತ್ತೇವೆ. ಹತ್ತಡಿ ಇದ್ದಿದ್ದರೆ ಪಕ್ಕಕ್ಕೆ ಸರಿಸಿ ಇಟ್ಟು ಮರೆಯಬಹುದಿತ್ತು. ಇರಲಿ.

ಗಾಡಿ ಬಂದ ಮೂರನೇ ದಿನ ಟಿಂಬರ್ ಮಾರ್ಕೆಟ್‌ಗೆ ಹೋದೆ. ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡುತ್ತಾ ನಿಂತಿದ್ದೆ. ಒಬ್ಬ ಹಮಾಲ, ವಯಸ್ಸಾದವರು, ನನ್ನ ಮಾತು ಕೇಳಿ ಹತ್ತಿರ ಬಂದರು. "ಹೌದಾ ಎಷ್ಟ್ ಉದ್ದ ಐತ್ರಿ?" ಎಂದು ಕೇಳಿದರು. ಈ ಸಲ ಹೌದು ಅನ್ನಲಿಲ್ಲ. ಎಂಟೂಮುಕ್ಕಾಲು ಅಡಿ ಎಂದೆ. ಊರು ಯಾವುದು ಎಂದು ಕೇಳಿದೆ. ಯಾದಗಿರಿ ಕಡೆಯವರಂತೆ, ಇಪ್ಪತ್ತು ವರ್ಷದಿಂದ ಇಲ್ಲೇ ಶೀಟು ಹೊರುತ್ತಿದ್ದಾರೆ. ನೋಡಿದ ಕೂಡಲೇ ಲೆಕ್ಕ ಹಾಕಿಬಿಟ್ಟರು. "ಹಂಗಾದ್ರ ಹಿಂದ ಒಂದ್ ಗೇಣು ಖಾಲಿ ಉಳೀತದ್ರಿ."

ಟೇಪು ಹಿಡಿದರೆ 250 ಎಂಎಂ. ಗೇಣು ಅಂದರೆ ಅಷ್ಟೇ.

ಹದಿನೆಂಟು ಶೀಟು ಏರಿಸಿದ ಮೇಲೆ ಅವರು ಆ ಗೇಣು ಜಾಗದಲ್ಲಿ ನನ್ನ ಟೂಲ್ ಪೆಟ್ಟಿಗೆ ಇಟ್ಟರು. ಅದರ ಪಕ್ಕ ತಮ್ಮ ಊಟದ ಡಬ್ಬಿಯನ್ನೂ ಇಟ್ಟರು. ಸ್ವಾರ್‌ಗೇಟ್ ತನಕ ಬರುತ್ತೀನಿ ಅಂತ ಕೇಳಲಿಲ್ಲ, ಹೇಳಿದರು. ನಾನು ಹಿಂಬಾಗಿಲು ಎತ್ತಿ, ಎರಡೂ ಕಡೆಯ ಕೊಂಡಿ ಹಾಕಿದೆ.